ಇಲಿಯ ರೆಟಿನಾದಲ್ಲಿ ರಕ್ತದ ಹರಿವು ಅಳೆಯುವುದು ಹೇಗೆ? ಹಂತ ಹಂತವಾಗಿ

ಈ ಪ್ರಶ್ನೆ ನನಗೆ ಪದೇ ಪದೇ ಬರುತ್ತದೆ. ಕೇಳುವವರು ಹೆಚ್ಚಾಗಿ ಎಂಫಾರ್ಮ್ ಅಥವಾ ಪಿಎಚ್‌ಡಿ ಮಾಡುತ್ತಿರುವವರು. ಇಲಿಗಳಿಗೆ ಸಕ್ಕರೆ ಕಾಯಿಲೆ ಬರಿಸಿ, ಔಷಧಿಯನ್ನೂ ಕೊಟ್ಟು ಮುಗಿಸಿರುತ್ತಾರೆ. ಈಗ ಗೈಡ್ ಹೇಳಿದ್ದಾರೆ, ರೆಟಿನಾದ ರಕ್ತದ ಹರಿವನ್ನೂ ಸೇರಿಸಿ ಅಂತ. ಹಾಗಾಗಿ ಮೊದಲ ಸಾಲಿನಲ್ಲೇ ಕೇಳುತ್ತಾರೆ: "ಯಾವ ಮೆಷಿನ್ ಬೇಕು?"

ಮೆಷಿನ್ ವಿಚಾರ ಆಮೇಲೆ ನೋಡೋಣ. ಪರದೆಯ ಮೇಲೆ ಒಂದು ಸಂಖ್ಯೆ ಬರಿಸುವುದು ಕಷ್ಟವಲ್ಲ. ಆ ಸಂಖ್ಯೆ ನಿಮ್ಮ ಔಷಧಿಯಿಂದ ಬಂತೋ, ಅರಿವಳಿಕೆಯಿಂದ ಬಂತೋ, ತಣ್ಣಗಾದ ಇಲಿಯಿಂದ ಬಂತೋ ಅಂತ ಹೇಳುವುದು ಕಷ್ಟ. ಈ ಲೇಖನದ ಮುಕ್ಕಾಲು ಪಾಲು ಅದರ ಬಗ್ಗೆಯೇ.

ಇಲ್ಲಿ ಇಲಿ ಅಂದರೆ ರ್‍ಯಾಟ್, ಚಿಟ್ಟಿಲಿ ಅಂದರೆ ಮೌಸ್. ಎರಡನ್ನೂ ಸುಮ್ನೆ ಇಲಿ ಅಂದುಬಿಟ್ಟರೆ ಮುಂದೆ ಗೊಂದಲವಾಗುತ್ತದೆ.

ಶುರು ಮಾಡುವ ಮುನ್ನ ತಿಳಿದಿರಬೇಕಾದ ಮೂರು ಸಂಗತಿ

ರೆಟಿನಾ ಅಂದರೆ ಕಣ್ಣಿನ ಒಳಗೋಡೆಗೆ ಅಂಟಿಕೊಂಡ, ಬೆಳಕು ಗ್ರಹಿಸುವ ತೆಳು ಪದರ. ಪಠ್ಯಪುಸ್ತಕದ ಅಕ್ಷಿಪಟ. ಅದಕ್ಕೆ ರಕ್ತ ಎರಡು ಕಡೆಯಿಂದ ಬರುತ್ತದೆ. ಒಳ ಪದರಗಳಿಗೆ ರೆಟಿನಾದ್ದೇ ರಕ್ತನಾಳಗಳಿವೆ. ಆಪ್ಟಿಕ್ ಡಿಸ್ಕ್‌ನಿಂದ, ಅಂದರೆ ನರ ಕಣ್ಣಿನಿಂದ ಹೊರಗೆ ಹೋಗುವ ಜಾಗದಿಂದ, ಇವು ಚಕ್ರದ ಅರೆಗಳಂತೆ ಸುತ್ತಲೂ ಹರಡುತ್ತವೆ. ಹೊರ ಪದರಗಳನ್ನು ಸಾಕುವುದು ರೆಟಿನಾದ ಹಿಂದಿರುವ ಕೊರಾಯ್ಡ್ ಎಂಬ ರಕ್ತನಾಳಗಳ ಹಾಸು. ಕಣ್ಣಿಗೆ ಬರುವ ರಕ್ತದಲ್ಲಿ ಸಿಂಹಪಾಲು ಕೊರಾಯ್ಡ್‌ಗೇ ಹೋಗುತ್ತದೆ. ಹಾಗಾಗಿ ನೀವು ರೆಟಿನಾ ಅಳೆಯುತ್ತಿದ್ದೇನೆ ಅಂದುಕೊಂಡು ಕೊರಾಯ್ಡನ್ನು ಅಳೆಯುವ ಅಪಾಯ ಯಾವಾಗಲೂ ಇದೆ.

ಎರಡನೆಯದು, ಹರಿವು ಅಂದರೆ ವೇಗ ಅಲ್ಲ. ಒಂದು ನಿಮಿಷಕ್ಕೆ ಎಷ್ಟು ರಕ್ತ ದಾಟಿತು ಅನ್ನುವುದು ಹರಿವು. ಸರಾಸರಿ ವೇಗವನ್ನು ನಾಳದ ಅಡ್ಡಕೊಯ್ತದ ವಿಸ್ತೀರ್ಣದಿಂದ ಗುಣಿಸಿದರೆ ಅದು ಸಿಗುತ್ತದೆ. ಲೆಕ್ಕಕ್ಕೆ ಒಂದು ಉದಾಹರಣೆ ತಗೊಳ್ಳಿ. ನಾಳದ ವ್ಯಾಸ 50 ಮೈಕ್ರಾನ್, ರಕ್ತದ ಸರಾಸರಿ ವೇಗ ಸೆಕೆಂಡಿಗೆ 10 ಮಿಲಿಮೀಟರ್. ಹರಿವು ನಿಮಿಷಕ್ಕೆ ಸುಮಾರು 1.18 ಮೈಕ್ರೋಲೀಟರ್ ಬರುತ್ತದೆ. ವ್ಯಾಸವನ್ನು ನೀವು 50ರ ಬದಲು 55 ಅಂತ ಓದಿದರೆ ಉತ್ತರ 1.43 ಆಗುತ್ತದೆ. ವ್ಯಾಸದಲ್ಲಿ ನೂರಕ್ಕೆ 10 ತಪ್ಪಿದರೆ ಹರಿವಿನಲ್ಲಿ ನೂರಕ್ಕೆ 21 ತಪ್ಪುತ್ತದೆ. ನಿಮ್ಮ ಔಷಧಿಯ ಪರಿಣಾಮವೇ ಅಷ್ಟು ಇರುವುದಿಲ್ಲ, ಅಲ್ವಾ?

ಮೂರನೆಯದು ತಳ್ಳುವ ಒತ್ತಡ. ರಕ್ತದೊತ್ತಡ ರಕ್ತವನ್ನು ಕಣ್ಣಿನೊಳಗೆ ತಳ್ಳುತ್ತದೆ, ಕಣ್ಣಿನ ಒಳಗಿನ ಒತ್ತಡ ಅದಕ್ಕೆ ಎದುರಾಗಿ ನಿಲ್ಲುತ್ತದೆ. ಸರಾಸರಿ ರಕ್ತದೊತ್ತಡದಿಂದ ಕಣ್ಣಿನ ಒತ್ತಡ ಕಳೆದರೆ ಉಳಿಯುವುದೇ ತಳ್ಳುವ ಒತ್ತಡ. ಇದು ಸ್ವಲ್ಪ ಏರುಪೇರಾದರೆ ರೆಟಿನಾದ ನಾಳಗಳು ತಾವೇ ಹಿಗ್ಗಿ ಕುಗ್ಗಿ ಹರಿವನ್ನು ಸರಿದೂಗಿಸುತ್ತವೆ. ಜಾಸ್ತಿ ಏರುಪೇರಾದರೆ ಅವುಗಳ ಕೈಮೀರುತ್ತದೆ. ಆದ್ದರಿಂದ ರಕ್ತದೊತ್ತಡ ಮತ್ತು ಕಣ್ಣಿನ ಒತ್ತಡ ಎರಡನ್ನೂ ಬರೆದಿಡದ ಹರಿವಿನ ಅಳತೆಯನ್ನು ನಾನು ಅರ್ಧ ಅಳತೆ ಅಂತಲೇ ಎಣಿಸುತ್ತೇನೆ.

ಹಂತ 1: ವಿಧಾನ ಆರಿಸಿ

ನಿಮ್ಮ ಪ್ರಶ್ನೆಯನ್ನು ಒಂದು ವಾಕ್ಯದಲ್ಲಿ ಬರೆಯಿರಿ. "ಅದೇ ಇಲಿಯಲ್ಲಿ ಔಷಧಿಗೆ ಮೊದಲು ಮತ್ತು ಆಮೇಲೆ ಹರಿವು ಬದಲಾಯಿತೇ?" ಎನ್ನುವುದು ಒಂದು ಪ್ರಶ್ನೆ. "ಈ ಇಲಿಯ ರೆಟಿನಾಗೆ ನಿಮಿಷಕ್ಕೆ ಎಷ್ಟು ಮೈಕ್ರೋಲೀಟರ್ ರಕ್ತ ಹೋಗುತ್ತದೆ?" ಎನ್ನುವುದು ಬೇರೆಯೇ ಪ್ರಶ್ನೆ. ಎರಡಕ್ಕೂ ಒಂದೇ ಮೆಷಿನ್ ಸಾಲದು.

ಲೇಸರ್ ಸ್ಪೆಕಲ್ ಮೊದಲ ಪ್ರಶ್ನೆಗೆ ತಕ್ಕದ್ದು. ಗೋಡೆಯ ಮೇಲೆ ಲೇಸರ್ ಪಾಯಿಂಟರ್ ಬಿಟ್ಟು ನೋಡಿ, ಬೆಳಕು ಮರಳು ಚೆಲ್ಲಿದಂತೆ ಚುಕ್ಕೆ ಚುಕ್ಕೆಯಾಗಿ ಕಾಣುತ್ತದೆ. ಆ ಚುಕ್ಕೆಗಳೇ ಸ್ಪೆಕಲ್. ಅದೇ ಬೆಳಕನ್ನು ಒಂದು ಲೋಟ ಹಾಲಿನ ಮೇಲೆ ಬಿಟ್ಟರೆ ಚುಕ್ಕೆಗಳು ಕುದಿಯುವಂತೆ ಕಾಣುತ್ತವೆ, ಯಾಕೆಂದರೆ ಒಳಗಿನ ಕಣಗಳು ಓಡಾಡುತ್ತಿವೆ. ರಕ್ತಕಣಗಳು ಓಡುವಾಗಲೂ ಹೀಗೇ. ಕ್ಯಾಮೆರಾ ಫೋಟೋ ತೆಗೆಯುವಷ್ಟರಲ್ಲಿ ಚುಕ್ಕೆಗಳು ಕಲಸಿಹೋಗುತ್ತವೆ. ರಕ್ತ ಎಷ್ಟು ಬೇಗ ಓಡಿತೋ ಅಷ್ಟು ಕಲಸಿರುತ್ತವೆ. ಈ ಕಲಸುವಿಕೆಯನ್ನು ಅಳೆದು ರೆಟಿನಾದ ಹರಿವಿನ ಚಿತ್ರ ಮಾಡಬಹುದು ಎಂದು ಫರ್ಚರ್ ಮತ್ತು ಬ್ರಯರ್ಸ್ 1981ರಲ್ಲಿ ತೋರಿಸಿದರು. ಇಂದು ಜಪಾನಿನ ಎಲ್‌ಎಸ್‌ಎಫ್‌ಜಿ (ಲೇಸರ್ ಸ್ಪೆಕಲ್ ಫ್ಲೋಗ್ರಫಿ) ಉಪಕರಣಗಳು ಇದೇ ತತ್ವದ ಮೇಲೆ ನಡೆಯುತ್ತವೆ. ಅವು 830 ನ್ಯಾನೋಮೀಟರ್‌ನ, ಕಣ್ಣಿಗೆ ಕಾಣದ ಲೇಸರ್ ಬಳಸುತ್ತವೆ. ಅವು ಕೊಡುವ ಸಂಖ್ಯೆಗೆ ಎಂಬಿಆರ್ ಅಂತ ಹೆಸರು, ಅಂದರೆ ಸರಾಸರಿ ಕಲಸುವಿಕೆಯ ಪ್ರಮಾಣ. ಇದಕ್ಕೆ ಮೈಕ್ರೋಲೀಟರ್, ಮಿಲಿಮೀಟರ್ ಅನ್ನುವ ಏಕಮಾನ ಇಲ್ಲ. ಇದು ಹೋಲಿಸಿ ನೋಡುವ ಸಂಖ್ಯೆ ಮಾತ್ರ.

ಡಾಪ್ಲರ್ ಓಸಿಟಿ ಎರಡನೆಯ ಪ್ರಶ್ನೆಗೆ. ಓಸಿಟಿ ಅಂದರೆ ಬೆಳಕಿನಿಂದ ರೆಟಿನಾದ ಪದರಗಳನ್ನು ಸೀಳಿ ತೋರಿಸುವ ಸ್ಕ್ಯಾನ್. ರೈಲು ಹತ್ತಿರ ಬರುವಾಗ ಹಾರ್ನ್ ಕೀರಲಾಗಿ, ದೂರ ಹೋಗುವಾಗ ದಪ್ಪಗೆ ಕೇಳುತ್ತದಲ್ಲ, ಆ ತತ್ವವನ್ನು ಬೆಳಕಿಗೆ ಹಚ್ಚಿದರೆ ಡಾಪ್ಲರ್. 1972ರಲ್ಲಿ ರೀವಾ ಮತ್ತು ಸಂಗಡಿಗರು ಮೊಲದ ರೆಟಿನಾದ ಅಪಧಮನಿಯಲ್ಲಿ ಲೇಸರ್ ಡಾಪ್ಲರ್ ಬಳಸಿದ್ದು ಈ ದಾರಿಯ ಆರಂಭ. ಇದು ನಿಜವಾದ ವೇಗ ಕೊಡುತ್ತದೆ, ಆದರೆ ಕೋನ ಗೊತ್ತಿದ್ದರೆ ಮಾತ್ರ. ನಾಳ ಬೆಳಕಿನ ಕಿರಣಕ್ಕೆ ಸರಿಯಾಗಿ ಅಡ್ಡ ಇದ್ದರೆ ರಕ್ತ ಎಷ್ಟೇ ಜೋರಾಗಿ ಓಡಿದರೂ ಸೊನ್ನೆ ತೋರಿಸುತ್ತದೆ. ರೆಟಿನಾದ ಹೆಚ್ಚಿನ ನಾಳಗಳು ಅಡ್ಡವಾಗಿಯೇ ಮಲಗಿವೆ! ಅದಕ್ಕೇ ಆಪ್ಟಿಕ್ ಡಿಸ್ಕ್‌ನ ಬಳಿ, ನಾಳಗಳು ಮೇಲಕ್ಕೆ ಎದ್ದು ಬಾಗುವ ಜಾಗದಲ್ಲಿ ಅಳೆಯುತ್ತಾರೆ.

ಓಸಿಟಿ ಆಂಜಿಯೋಗ್ರಫಿ ಬೇರೆ. ಹೆಸರು ಒಂದೇ ತರಹ ಇರುವುದರಿಂದ ಜನ ಮೋಸ ಹೋಗುತ್ತಾರೆ. ಅದು ರಕ್ತ ಓಡುತ್ತಿರುವ ನಾಳ ಎಲ್ಲಿದೆ ಅಂತ ಚಂದದ ನಕ್ಷೆ ಕೊಡುತ್ತದೆ, ಎಷ್ಟು ಓಡುತ್ತಿದೆ ಅಂತ ಅಲ್ಲ. ನಾಳಗಳ ದಟ್ಟಣೆ ಕಡಿಮೆಯಾಯಿತು ಅಂತ ಬರೆಯಬಹುದು. ಹರಿವು ಕಡಿಮೆಯಾಯಿತು ಅಂತ ಬರೆಯಬೇಡಿ.

ಫ್ಲೋರೆಸೀನ್ ಬಣ್ಣದ ವಿಧಾನವನ್ನೂ ಕೇಳುತ್ತಾರೆ. ಬಣ್ಣವನ್ನು ರಕ್ತನಾಳಕ್ಕೆ ಒಮ್ಮೆಲೇ ಕೊಟ್ಟು ವಿಡಿಯೋ ಮಾಡಿದರೆ, ಅಪಧಮನಿಯಿಂದ ಅಭಿಧಮನಿಗೆ ದಾಟಲು ಎಷ್ಟು ಹೊತ್ತು ಬೇಕಾಯಿತು ಅಂತ ಲೆಕ್ಕ ಹಾಕಬಹುದು. ಹೊಟ್ಟೆಗೆ ಚುಚ್ಚಿದರೆ ಬಣ್ಣ ನಿಧಾನವಾಗಿ ರಕ್ತಕ್ಕೆ ಸೇರುತ್ತದೆ, ಆಗ ಸಮಯದ ಲೆಕ್ಕಕ್ಕೆ ಅರ್ಥವೇ ಇಲ್ಲ. ಸೋರಿಕೆ ನೋಡಲು ಮಾತ್ರ ಅದು ಸಾಕು.

ಇನ್ನು ಮೈಕ್ರೋಸ್ಫಿಯರ್. ಸೂಕ್ಷ್ಮ ಗೋಲಿಗಳನ್ನು ಹೃದಯದ ಎಡ ಕುಹರಕ್ಕೆ ಬಿಟ್ಟು, ಎಷ್ಟು ಗೋಲಿ ರೆಟಿನಾದಲ್ಲಿ ಸಿಕ್ಕಿಹಾಕಿಕೊಂಡವು ಅಂತ ಎಣಿಸುವ ಹಳೆಯ, ನಂಬಿಕೆಯ ವಿಧಾನ. ಒಂದು ತುಣುಕಿನಲ್ಲಿ ಸುಮಾರು 400 ಗೋಲಿಗಳಾದರೂ ಇರಬೇಕು ಅನ್ನುವ ಮಾತು 1971ರಿಂದಲೂ ಇದೆ. ಇಲಿಯ ಪುಟ್ಟ ರೆಟಿನಾದಲ್ಲಿ ಅಷ್ಟು ಸಿಗುವುದು ಕಷ್ಟ. ಜೊತೆಗೆ ಪ್ರಾಣಿಯನ್ನು ಕೊಲ್ಲಬೇಕು, ಅಂದರೆ ಒಂದು ಇಲಿಗೆ ಒಂದೇ ಅಳತೆ.

ಮೊದಲ ಸಲ ಮಾಡುವವರಿಗೆ ನನ್ನ ಸಲಹೆ ಲೇಸರ್ ಸ್ಪೆಕಲ್. ಮುಂದಿನ ಹಂತಗಳನ್ನು ಅದನ್ನಿಟ್ಟುಕೊಂಡೇ ಬರೆದಿದ್ದೇನೆ. ಅರಿವಳಿಕೆ ಮತ್ತು ಕಣ್ಣಿನ ಸಿದ್ಧತೆ ಮಾತ್ರ ಯಾವ ವಿಧಾನಕ್ಕೂ ಅದೇ.

ಹಂತ 2: ಪ್ರಾಣಿ ಆರಿಸಿ

ಎಲ್ಲ ಪ್ರಾಣಿಯ ರೆಟಿನಾದಲ್ಲೂ ರಕ್ತನಾಳ ಇರುವುದಿಲ್ಲ. ಗಿನಿಪಿಗ್‌ನ ರೆಟಿನಾದಲ್ಲಿ ಹೆಚ್ಚುಕಡಿಮೆ ನಾಳಗಳೇ ಇಲ್ಲ. ಮೊಲದಲ್ಲಿ ಡಿಸ್ಕ್‌ನ ಎರಡು ಬದಿಗೆ ಪಟ್ಟಿಯಂತೆ ಮಾತ್ರ ಇವೆ. ಇಲಿ, ಚಿಟ್ಟಿಲಿಗಳಲ್ಲಿ ನಮ್ಮ ಹಾಗೆ ರೆಟಿನಾದ ಉದ್ದಗಲಕ್ಕೂ ಹರಡಿವೆ. ಆದರೆ ನಮಗಿರುವ ಮ್ಯಾಕುಲಾ, ಅಂದರೆ ನೇರ ನೋಟದ ನಡುಚುಕ್ಕೆ, ಅವಕ್ಕೆ ಇಲ್ಲ.

ಇಲಿಯ ಕಣ್ಣು ಮುಂದಿನಿಂದ ಹಿಂದಕ್ಕೆ ಸುಮಾರು 6 ಮಿಲಿಮೀಟರ್, ಚಿಟ್ಟಿಲಿಯದು ಮೂರು ಚಿಲ್ಲರೆ. ನಮ್ಮದು ಸುಮಾರು 24. ಕಲಿಯುವವರಿಗೆ ಇಲಿಯೇ ವಾಸಿ.

ಮುಂದೆ ಬಣ್ಣ. ವಿಸ್ಟರ್, ಸ್ಪ್ರೇಗ್ ಡಾಲಿ ಎರಡೂ ಬಿಳಿ ಇಲಿಗಳು. ಕಣ್ಣಲ್ಲಿ ಕಪ್ಪು ವರ್ಣಕ ಇಲ್ಲ, ಹಾಗಾಗಿ ಲೇಸರ್ ಸೀದಾ ಕೊರಾಯ್ಡ್‌ಗೆ ಹೋಗಿ ಅಲ್ಲಿನ ಹರಿವನ್ನೂ ಹೊತ್ತು ತರುತ್ತದೆ. ಲಾಂಗ್ ಇವಾನ್ಸ್, ಬ್ರೌನ್ ನಾರ್ವೆ ಇಲಿಗಳಲ್ಲಿ ವರ್ಣಕ ಇದೆ. ಅದು ಪೂರ್ತಿ ತಡೆಯುವುದಿಲ್ಲ, ಆದರೂ ಪರದೆ ಎಳೆದಂತೆ ಕೆಲಸ ಮಾಡುತ್ತದೆ. ನಮ್ಮ ಅನಿಮಲ್ ಹೌಸ್‌ಗಳಲ್ಲಿ ಸುಲಭವಾಗಿ ಸಿಗುವುದು ಬಿಳಿ ಇಲಿಯೇ ಅನ್ನುವುದು ನಿಜ. ಬಿಳಿ ಇಲಿಯಲ್ಲೇ ಮಾಡುವುದಾದರೆ ದೊಡ್ಡ ನಾಳಗಳ ಮೇಲೆ ಮಾತ್ರ ಅಳೆಯಿರಿ, ನಡುವಿನ ಜಾಗದ ಸಂಖ್ಯೆಯನ್ನು ನಂಬಬೇಡಿ.

ಚಿಟ್ಟಿಲಿ ತರುವವರಿಗೆ ಒಂದು ಎಚ್ಚರಿಕೆ. ಎಫ್‌ವಿಬಿ ಮತ್ತು ಸಿ3ಎಚ್ ತಳಿಗಳಲ್ಲಿ ಹುಟ್ಟಿನಿಂದಲೇ ರೆಟಿನಾ ಸವೆಯುವ ಜೀನ್ ದೋಷ ಇದೆ. ಕೆಲವೇ ವಾರಗಳಲ್ಲಿ ಅವು ಕುರುಡಾಗುತ್ತವೆ. ಬಹಳ ಬಳಕೆಯ ಸಿ57 ಬ್ಲ್ಯಾಕ್ 6ರಲ್ಲೂ 'ಎನ್' ಉಪತಳಿಯಲ್ಲಿ ಆರ್‌ಡಿ8 ಎಂಬ ದೋಷ ಇರುವುದು 2012ರಲ್ಲಿ ಹೊರಬಿತ್ತು. ಕಪ್ಪು ಚಿಟ್ಟಿಲಿ ಅಂತ ಮಾತ್ರ ಬರೆದು ಆರ್ಡರ್ ಮಾಡಬೇಡಿ. ಉಪತಳಿಯನ್ನು ಕೇಳಿ, ಚೀಟಿಯನ್ನು ಇಟ್ಟುಕೊಳ್ಳಿ.

ಹಂತ 3: ಅನುಮತಿ

ಭಾರತದಲ್ಲಿ ಪ್ರಾಣಿಗಳ ಮೇಲಿನ ಪ್ರಯೋಗಕ್ಕೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಮತ್ತು ಅದರಡಿಯ 1998ರ ನಿಯಮಗಳು ಅನ್ವಯಿಸುತ್ತವೆ. ಮೇಲ್ವಿಚಾರಣೆ ಕೇಂದ್ರ ಸರ್ಕಾರದ ಸಿಸಿಎಸ್‌ಇಎ ಸಮಿತಿಯದು. ಹಿಂದೆ ಸಿಪಿಸಿಎಸ್‌ಇಎ ಅನ್ನುತ್ತಿದ್ದೆವಲ್ಲ, ಅದೇ. ಇಲಿ, ಚಿಟ್ಟಿಲಿ, ಮೊಲಗಳಿಗೆ ನಿಮ್ಮ ಸಂಸ್ಥೆಯ ಪ್ರಾಣಿ ಎಥಿಕ್ಸ್ ಕಮಿಟಿಯ ಒಪ್ಪಿಗೆ ಸಾಕು. ಫಾರ್ಮ್ ಬಿ ತುಂಬಿ ಕೊಡಬೇಕು.

ಹೆಚ್ಚಿನವರು ಎಡವುವುದು ಇಲ್ಲಿ: ಸಕ್ಕರೆ ಕಾಯಿಲೆಯ ಪ್ರಯೋಗಕ್ಕೆ ಒಪ್ಪಿಗೆ ಸಿಕ್ಕಿರುತ್ತದೆ, ಕಣ್ಣಿನ ಅಳತೆ ಅದರಲ್ಲಿ ಇರುವುದಿಲ್ಲ. ನಡುವೆ ಸೇರಿಸಿಕೊಂಡರಾಯಿತು ಅಂದುಕೊಳ್ಳಬೇಡಿ. ಒಂದೇ ಇಲಿಗೆ ಎಷ್ಟು ಸಲ ಅರಿವಳಿಕೆ ಕೊಡುತ್ತೀರಿ ಅನ್ನುವುದನ್ನೂ ಅರ್ಜಿಯಲ್ಲೇ ಬರೆಯಬೇಕು. ಬದಲಾವಣೆ ಇದ್ದರೆ ಮತ್ತೆ ಕಮಿಟಿಗೆ ಹೋಗಿ.

ಹಂತ 4: ಮೇಜು ಸಿದ್ಧ ಮಾಡಿ

ಇಲಿ ಬರುವ ಮೊದಲೇ ಇವೆಲ್ಲ ಮೇಜಿನ ಮೇಲಿರಲಿ: ಗುದದ್ವಾರದ ತಾಪಮಾಪಕ ಜೋಡಿಸಿದ ಬಿಸಿ ಹಾಸು, ತಲೆ ಅಲುಗದಂತೆ ಹಿಡಿಯುವ ಚೌಕಟ್ಟು, ಪಾಪೆ ಹಿಗ್ಗಿಸುವ ಟ್ರೋಪಿಕಮೈಡ್ ಹನಿ, ಕಣ್ಣಿಗೆ ಹಚ್ಚುವ ಪಾರದರ್ಶಕ ಜೆಲ್, ದುಂಡನೆಯ ಕವರ್ ಗ್ಲಾಸ್, ಇಲಿಗಳಿಗೆಂದೇ ಮಾಡಿದ ಕಣ್ಣೊತ್ತಡದ ಮೀಟರ್, ಬಾಲಕ್ಕೆ ಕಟ್ಟುವ ರಕ್ತದೊತ್ತಡದ ಪಟ್ಟಿ, ಗ್ಲೂಕೋಮೀಟರ್. ಬೆರಳಿಗೆ ಹಾಕುವ ಆಮ್ಲಜನಕ ಮೀಟರಿನ ಇಲಿ ಮಾದರಿ ಸಿಕ್ಕರೆ ಬಹಳ ಒಳ್ಳೆಯದು.

ಸ್ಪೆಕಲ್ ಸೆಟಪ್ಪನ್ನು ನೀವೇ ಕಟ್ಟುವುದಾದರೆ ಮೂರು ವಿಷಯ ನೋಡಿ. ಒಂದು, ಒಂದು ಚುಕ್ಕೆ ಕ್ಯಾಮೆರಾದಲ್ಲಿ ಕನಿಷ್ಠ 2 ಪಿಕ್ಸೆಲ್ ಅಗಲ ಇರಬೇಕು. ಅದಕ್ಕಿಂತ ಸಣ್ಣದಾದರೆ ಕಲಸದಿದ್ದರೂ ಕಲಸಿದಂತೆ ಕಾಣುತ್ತದೆ. ಚುಕ್ಕೆಯ ಗಾತ್ರ ಲೆನ್ಸಿನ ಬಾಯಿಯ ಅಗಲದ ಮೇಲೆ ನಿಂತಿದೆ. ಬಾಯಿ ಕಿರಿದು ಮಾಡಿದಷ್ಟೂ ಚುಕ್ಕೆ ದೊಡ್ಡದು. ಎರಡು, ಕ್ಯಾಮೆರಾ ತಾನಾಗಿ ಬೆಳಕು ಹೊಂದಿಸಿಕೊಳ್ಳುವ ಎಲ್ಲ ಆಟೋ ಸೆಟ್ಟಿಂಗ್‌ಗಳನ್ನೂ ಬಂದ್ ಮಾಡಿ. ಒಂದು ಚಿತ್ರಕ್ಕೆ ತೆರೆದಿರುವ ಹೊತ್ತು ಸಾಮಾನ್ಯವಾಗಿ 5ರಿಂದ 10 ಮಿಲಿಸೆಕೆಂಡ್ ಇಡುತ್ತಾರೆ. ಎಷ್ಟು ಇಟ್ಟಿರೋ ಅದನ್ನು ಕೊನೆಯ ಇಲಿಯವರೆಗೂ ಮುಟ್ಟಬೇಡಿ. ಮೂರು, ಈ ಲೇಸರ್ ನಿಮ್ಮ ಕಣ್ಣಿಗೆ ಕಾಣುವುದಿಲ್ಲ, ಆದರೆ ಸುಡುತ್ತದೆ. ಅದೇ ತರಂಗಾಂತರಕ್ಕೆ ಮಾಡಿದ ಕನ್ನಡಕ ಹಾಕಿಕೊಳ್ಳಿ. ಇಲಿಯ ರೆಟಿನಾಗೂ ಮಿತಿ ಇದೆ. ಲೇಸರಿನ ಶಕ್ತಿಯನ್ನು ಅಳೆದು ಬರೆದಿಡಿ.

ಹಂತ 5: ಅರಿವಳಿಕೆ

ಇಲ್ಲಿ ಸ್ವಲ್ಪ ನಿಲ್ಲೋಣ. ಪ್ರಯೋಗ ಕೆಡುವುದು ಹೆಚ್ಚಾಗಿ ಇಲ್ಲೇ.

ಕೆಟಮೀನ್ ಮತ್ತು ಜೈಲಜೀನ್ ಜೋಡಿ ನಮ್ಮ ಲ್ಯಾಬ್‌ಗಳಲ್ಲಿ ಮಾಮೂಲು. ಇಲಿಗೆ ಪ್ರತಿ ಕೆಜಿ ತೂಕಕ್ಕೆ ಕೆಟಮೀನ್ 75ರಿಂದ 100 ಮಿಗ್ರಾಂ, ಜೈಲಜೀನ್ 5ರಿಂದ 10 ಮಿಗ್ರಾಂ ಹೊಟ್ಟೆಯೊಳಗೆ ಕೊಡುತ್ತಾರೆ. ನಿಮ್ಮ ಇಲಿಗೆ ಎಷ್ಟು ಅನ್ನುವುದನ್ನು ಪಶುವೈದ್ಯರು ತೀರ್ಮಾನಿಸಲಿ. ಸಕ್ಕರೆ ಕಾಯಿಲೆಯ ಇಲಿ ಕಡಿಮೆ ಡೋಸಿಗೇ ಕುಸಿಯಬಹುದು. ಕೆಟಮೀನ್ ದಾಸ್ತಾನಿಗೆ ಪಕ್ಕಾ ಲೆಕ್ಕದ ಪುಸ್ತಕ ಬೇಕು ಅನ್ನುವುದನ್ನೂ ಮರೆಯಬೇಡಿ.

ಜೈಲಜೀನ್ ಎದೆಬಡಿತ ಇಳಿಸುತ್ತದೆ, ಇದು ಎಲ್ಲರಿಗೂ ಗೊತ್ತು. ಅದು ಇನ್ಸುಲಿನ್ ಹೊರಬರದಂತೆ ತಡೆದು ರಕ್ತದ ಸಕ್ಕರೆ ಏರಿಸುತ್ತದೆ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಹೊಟ್ಟೆ ತುಂಬಿದ ಆರೋಗ್ಯವಂತ ಇಲಿಯಲ್ಲೂ ಹೀಗಾಗುತ್ತದೆ. ಅಂದರೆ ನಿಮ್ಮ "ಸಕ್ಕರೆ ಇಲ್ಲದ" ಗುಂಪಿನ ಇಲಿಗೂ ಅಳತೆಯ ಹೊತ್ತಿಗೆ ಸಕ್ಕರೆ ಏರಿರಬಹುದು! ಗ್ಲೂಕೋಸನ್ನು ಅರಿವಳಿಕೆಗೆ ಮೊದಲು ಒಮ್ಮೆ, ಅಳತೆ ಮುಗಿದ ಮೇಲೆ ಒಮ್ಮೆ ನೋಡಿ. ಎರಡನ್ನೂ ಬರೆಯಿರಿ.

ಐಸೋಫ್ಲುರೇನ್ ಅನಿಲ ಇದ್ದರೆ ಅರಿವಳಿಕೆಯ ಆಳವನ್ನು ಬೇಕಾದಂತೆ ಹೊಂದಿಸಬಹುದು. ಸಾಮಾನ್ಯವಾಗಿ ನೂರಕ್ಕೆ 1.5ರಿಂದ 2ರ ಮಟ್ಟದಲ್ಲಿ ಇಲಿ ಮಲಗಿರುತ್ತದೆ. ಆದರೆ ಅದು ತಾನೇ ರಕ್ತನಾಳ ಹಿಗ್ಗಿಸುತ್ತದೆ, ರಕ್ತದೊತ್ತಡ ಇಳಿಸುತ್ತದೆ. ಜಾಸ್ತಿಯಾದರೆ ಉಸಿರಾಟ ಕುಗ್ಗಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಸೇರಿಕೊಳ್ಳುತ್ತದೆ. ಅದರಿಂದ ರೆಟಿನಾದ ನಾಳಗಳು ಇನ್ನಷ್ಟು ಹಿಗ್ಗುತ್ತವೆ. ಇನ್ನೊಂದು ಬಲೆ ಇದೆ. ಐಸೋಫ್ಲುರೇನನ್ನು ಶುದ್ಧ ಆಮ್ಲಜನಕದಲ್ಲಿ ಬೆರೆಸಿ ಕೊಡುವುದು ಆಸ್ಪತ್ರೆಯ ರೂಢಿ. ಆಮ್ಲಜನಕ ಜಾಸ್ತಿಯಾದರೆ ರೆಟಿನಾದ ಅಪಧಮನಿಗಳು ಬಿಗಿಯಾಗಿ ಕುಗ್ಗುತ್ತವೆ. ಒಂದು ಕಡೆ ಹಿಗ್ಗಿಸುವ ಔಷಧಿ, ಇನ್ನೊಂದು ಕಡೆ ಕುಗ್ಗಿಸುವ ಅನಿಲ. ಹೀಗಿದ್ದರೆ ನಿಮ್ಮ ಸಂಖ್ಯೆಗೆ ಏನು ಅರ್ಥ? ಸಾಧ್ಯವಿದ್ದರೆ ಗಾಳಿಯಲ್ಲೇ ಬೆರೆಸಿ ಕೊಡಿ. ಆಗದಿದ್ದರೆ ಆಮ್ಲಜನಕದ ಪ್ರಮಾಣ ಎಲ್ಲ ಇಲಿಗೂ ಒಂದೇ ಇರಲಿ.

ಯಾವ ಅರಿವಳಿಕೆ ವಾಸಿ ಅಂತ ಜಗಳ ಮಾಡುವುದಕ್ಕಿಂತ ಒಂದನ್ನು ಹಿಡಿದು ಕೊನೆಯವರೆಗೂ ಬಿಡದಿರುವುದು ಮುಖ್ಯ. ಕೆಟಮೀನ್ ಮುಗಿಯಿತು ಅಂತ ಅರ್ಧ ಗುಂಪಿಗೆ ಐಸೋಫ್ಲುರೇನ್ ಕೊಟ್ಟವರನ್ನು ನೋಡಿದ್ದೇನೆ. ಆ ಅಂಕಿಅಂಶಕ್ಕೆ ಯಾವ ಸ್ಟ್ಯಾಟಿಸ್ಟಿಕ್ಸ್ ಕೂಡ ಸಹಾಯ ಮಾಡಲಾರದು.

ದೇಹದ ತಾಪ 37 ಡಿಗ್ರಿಯ ಆಸುಪಾಸು ಇರಲಿ. ಇಲಿಯ ಪುಟ್ಟ ದೇಹ ಅರಿವಳಿಕೆಯಲ್ಲಿ ಬಹಳ ಬೇಗ ತಣ್ಣಗಾಗುತ್ತದೆ. ಎಸಿ ರೂಮಿನ ಸ್ಟೀಲ್ ಮೇಜಿನ ಮೇಲಂತೂ ಕೇಳುವುದೇ ಬೇಡ. ತಣ್ಣಗಾದರೆ ಎದೆಬಡಿತವೂ ಹರಿವೂ ಇಳಿಯುತ್ತದೆ. ಹಾಸನ್ನು ಮೊದಲೇ ಬಿಸಿ ಮಾಡಿಡಿ. ಕೈಯಿಂದ ಮುಟ್ಟಿ ಅಂದಾಜು ಮಾಡಬೇಡಿ, ತಾಪಮಾಪಕ ನೋಡಿ.

ಕಾಲ್ಬೆರಳನ್ನು ಚಿವುಟಿದಾಗ ಕಾಲು ಎಳೆದುಕೊಳ್ಳಬಾರದು. ಅಲ್ಲಿಂದ ಮುಂದೆ ಗಡಿಯಾರ ನೋಡಿ. ಚುಚ್ಚಿದ ಮೇಲೆ 20ನೆಯ ನಿಮಿಷಕ್ಕೆ ಮೊದಲ ಚಿತ್ರ ಅಂತ ನಿರ್ಧರಿಸಿದರೆ ಎಲ್ಲ ಇಲಿಗೂ 20ನೆಯ ನಿಮಿಷವೇ ಇರಲಿ.

ಹಂತ 6: ಕಣ್ಣು ಸಿದ್ಧ ಮಾಡಿ

ಮೊದಲು ಕಣ್ಣಿನ ಒತ್ತಡ ನೋಡಿಬಿಡಿ, ಜೆಲ್ ಹಚ್ಚಿದ ಮೇಲೆ ಸರಿಯಾಗಿ ಬರುವುದಿಲ್ಲ. ಆಮೇಲೆ ಟ್ರೋಪಿಕಮೈಡ್ ಒಂದು ಹನಿ. ಐದು ನಿಮಿಷ ಕಾಯಿರಿ. ಮನುಷ್ಯರ ಕಣ್ಣಿನ ಆಸ್ಪತ್ರೆಯಲ್ಲಿ ಸಿಗುವ ಹನಿಯಲ್ಲಿ ಹಲವು ಸಲ ಫಿನೈಲೆಫ್ರಿನ್ ಬೆರೆತಿರುತ್ತದೆ. ಅದು ರಕ್ತನಾಳ ಬಿಗಿಗೊಳಿಸುವ ಔಷಧಿ. ಇಷ್ಟು ಸಣ್ಣ ಪ್ರಾಣಿಯಲ್ಲಿ ಒಂದು ಹನಿ ಮೈಯೆಲ್ಲ ಸೇರಿ ರಕ್ತದೊತ್ತಡವನ್ನೇ ಏರಿಸಬಹುದು. ಬಾಟಲಿಯ ಚೀಟಿ ಓದಿ, ಟ್ರೋಪಿಕಮೈಡ್ ಮಾತ್ರ ಇರುವುದನ್ನೇ ತನ್ನಿ.

ಅರಿವಳಿಕೆಯಲ್ಲಿ ಇಲಿ ಕಣ್ಣು ಮಿಟುಕಿಸುವುದಿಲ್ಲ. ಹಾಗಾಗಿ ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪೊರೆ, ನಿಮಿಷಗಳಲ್ಲೇ ಒಣಗಿ ಮಂಜಾಗುತ್ತದೆ. ಒಣಗಲು ಮತ್ತು ತಣ್ಣಗಾಗಲು ಬಿಟ್ಟರೆ ಚಿಟ್ಟಿಲಿಗಳಲ್ಲಿ ಮಸೂರವೂ ಬೆಳ್ಳಗಾಗುತ್ತದೆ. ಎಚ್ಚರವಾದ ಮೇಲೆ ಕೆಲವು ಗಂಟೆಗಳಲ್ಲಿ ಅದು ತಿಳಿಯಾಗುತ್ತದೆ, ಆದರೆ ನಿಮ್ಮ ಅವತ್ತಿನ ಕೆಲಸ ಹೋಯಿತು. ಒತ್ತಡ ನೋಡಿ, ಹನಿ ಹಾಕಿ ಆದ ಕೂಡಲೇ ತಡಮಾಡದೆ ಎರಡೂ ಕಣ್ಣಿಗೆ ಜೆಲ್ ಹಚ್ಚಿ. ಹೌದು, ಅಳೆಯದ ಕಣ್ಣಿಗೂ.

ಜೆಲ್ ಮೇಲೆ ಕವರ್ ಗ್ಲಾಸ್ ಇಡಿ. ಇದರಿಂದ ಕಾರ್ನಿಯಾದ ಉಬ್ಬು ರದ್ದಾಗಿ ರೆಟಿನಾ ಮೈಕ್ರೋಸ್ಕೋಪಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಗ್ಲಾಸು ಜೆಲ್ಲಿನ ಮೇಲೆ ತೇಲುತ್ತಿರಬೇಕು, ಕಾರ್ನಿಯಾದ ಮೇಲೆ ಕೂರಬಾರದು. ಒತ್ತಿದರೆ ಕಣ್ಣಿನ ಒತ್ತಡ ಏರಿ ಹರಿವು ಇಳಿಯುತ್ತದೆ. ಡಿಸ್ಕ್ ಬಿಳುಚಿಕೊಂಡರೆ, ಅಭಿಧಮನಿಗಳು ಮಿಡಿಯುವಂತೆ ಕಂಡರೆ, ಗ್ಲಾಸ್ ಒತ್ತುತ್ತಿದೆ ಅಂತ ಅರ್ಥ. ತೆಗೆದು ಮತ್ತೆ ಇಡಿ. ಹಾಗೆಯೇ ಕುತ್ತಿಗೆ ತಿರುಚಿ ಕಟ್ಟಬೇಡಿ. ಅಲ್ಲಿನ ದೊಡ್ಡ ಅಭಿಧಮನಿ ಒತ್ತಿದರೆ ಕಣ್ಣಿನಿಂದ ರಕ್ತ ವಾಪಸ್ ಹೋಗುವುದಿಲ್ಲ.

ಹಂತ 7: ಫೋಕಸ್ ಮತ್ತು ಮೊದಲ ಅಳತೆ

ಆಪ್ಟಿಕ್ ಡಿಸ್ಕ್ ಚಿತ್ರದ ನಡುವೆ ಬರುವಂತೆ ಇಲಿಯನ್ನು ತಿರುಗಿಸಿ, ಕ್ಯಾಮೆರಾವನ್ನಲ್ಲ. ಫೋಕಸ್ ಅನ್ನು ನಾಳಗಳ ಅಂಚು ಚೂಪಾಗುವ ಜಾಗಕ್ಕೆ ತನ್ನಿ. ಫೋಕಸ್ ತಪ್ಪಿದರೂ ಸಂಖ್ಯೆ ಬರುತ್ತದೆ, ಅದೇ ತೊಂದರೆ.

ಸೆಕೆಂಡಿಗೆ 30 ಚಿತ್ರದಂತೆ 4 ಸೆಕೆಂಡ್ ದಾಖಲಿಸಿ. ಅರಿವಳಿಕೆಯಲ್ಲಿ ಇಲಿಯ ಎದೆ ನಿಮಿಷಕ್ಕೆ 300 ಸಲ ಬಡಿಯುತ್ತಿದ್ದರೆ ಒಂದು ಬಡಿತಕ್ಕೆ 6 ಚಿತ್ರ ಸಿಗುತ್ತವೆ. ಸರಾಸರಿಗೆ ಸಾಕು. 500 ಬಡಿತದ ಚಿಟ್ಟಿಲಿಗೆ ಮೂರೂವರೆ ಚಿತ್ರವಷ್ಟೇ. ಅದರಲ್ಲಿ ನಾಡಿಯ ಅಲೆಯ ಆಕಾರ ನೋಡುತ್ತೇನೆ ಅಂತ ಹೊರಡಬೇಡಿ. ಉಸಿರಾಡುವಾಗ ಚಿತ್ರ ಜಿಗಿಯುತ್ತದೆ, ಆ ಚಿತ್ರಗಳನ್ನು ಕಿತ್ತುಹಾಕಿ. ಎರಡು ನಿಮಿಷದ ಅಂತರದಲ್ಲಿ ಐದು ಸಲ ದಾಖಲಿಸಿ. ಐದೂ ಹತ್ತಿರ ಹತ್ತಿರ ಬಂದರೆ ಇಲಿ ನೆಲೆ ನಿಂತಿದೆ. ಒಂದೇ ದಿಕ್ಕಿಗೆ ಇಳಿಯುತ್ತಾ ಅಥವಾ ಏರುತ್ತಾ ಹೋದರೆ ತಾಪಮಾಪಕ ನೋಡಿ, ಉಸಿರು ಎಣಿಸಿ, ಜೆಲ್ ಒಣಗಿದೆಯಾ ನೋಡಿ. ಸರಿಯಾಗುವವರೆಗೆ ಮುಂದೆ ಹೋಗಬೇಡಿ.

ಹಂತ 8: ನಿಮ್ಮ ಮೆಷಿನ್ ನಿಜ ಹೇಳುತ್ತಿದೆಯಾ?

ಔಷಧಿ ಪರೀಕ್ಷಿಸುವ ಮೊದಲು ಎರಡು ಮೂರು ಇಲಿಗಳಲ್ಲಿ ಈ ಪರೀಕ್ಷೆ ಮಾಡಿ. ಉತ್ತರ ಮೊದಲೇ ಗೊತ್ತಿರುವ ಪ್ರಶ್ನೆ ಕೇಳುವುದು ಇದರ ಉಪಾಯ.

ಗಾಳಿ ಉಸಿರಾಡುತ್ತಿರುವ ಇಲಿಗೆ ಕೆಲವು ನಿಮಿಷ ಶುದ್ಧ ಆಮ್ಲಜನಕ ಕೊಡಿ. ರೆಟಿನಾದ ಅಪಧಮನಿ ಕುಗ್ಗಿ ಹರಿವು ಇಳಿಯಲೇಬೇಕು. ಕೊರಾಯ್ಡ್ ಇದಕ್ಕೆ ಅಷ್ಟಾಗಿ ಜಗ್ಗುವುದಿಲ್ಲ. ಹಾಗಾಗಿ ನಿಮ್ಮ ಸಂಖ್ಯೆ ಅಲುಗದಿದ್ದರೆ ನೀವು ನೋಡುತ್ತಿರುವುದು ಕೊರಾಯ್ಡ್ ಇರಬಹುದು.

ಎರಡನೆಯದು ಒತ್ತಡದ ಪರೀಕ್ಷೆ. ಇದು ಮತ್ತೆ ಎಬ್ಬಿಸದ ಇಲಿಗಳಲ್ಲಿ ಮಾತ್ರ, ಕಮಿಟಿ ಒಪ್ಪಿದ್ದರೆ ಮಾತ್ರ. ಕಣ್ಣಿನ ಮುಂದಿನ ಕೋಣೆಗೆ ತೀರಾ ಸಣ್ಣ ಸೂಜಿ ಹಾಕಿ ಸಲೈನ್ ಬಾಟಲಿಗೆ ಜೋಡಿಸುತ್ತಾರೆ. ಬಾಟಲಿ ಎತ್ತರಿಸಿದಂತೆ ಕಣ್ಣಿನ ಒತ್ತಡ ಏರುತ್ತದೆ. 1 ಮಿಲಿಮೀಟರ್ ಪಾದರಸಕ್ಕೆ 13.6 ಮಿಲಿಮೀಟರ್ ನೀರಿನ ಎತ್ತರ. ಅಂದರೆ 30ರ ಒತ್ತಡಕ್ಕೆ ಬಾಟಲಿಯಲ್ಲಿನ ನೀರಿನ ಮಟ್ಟ ಕಣ್ಣಿಗಿಂತ ಸುಮಾರು 41 ಸೆಂಟಿಮೀಟರ್ ಮೇಲಿರಬೇಕು. ಎತ್ತರವನ್ನು ಮೇಜಿನಿಂದಲ್ಲ, ಕಣ್ಣಿನಿಂದ ಅಳೆಯಿರಿ. ಒತ್ತಡ ಸ್ವಲ್ಪ ಏರಿದಾಗ ಹರಿವು ಹೆಚ್ಚು ಅಲುಗುವುದಿಲ್ಲ, ನಾಳಗಳು ಸರಿದೂಗಿಸುತ್ತವೆ. ಇನ್ನೂ ಏರಿಸಿದರೆ ಬಿದ್ದುಹೋಗುತ್ತದೆ. ಈ ಆಕಾರ ಬಂದರೆ ನಿಮ್ಮ ಸೆಟಪ್ ನಂಬಬಹುದು.

ಅದೇ ಇಲಿಯನ್ನು ನಿಯಮದ ಪ್ರಕಾರ ನೋವಿಲ್ಲದೆ ಕೊನೆಗೊಳಿಸಿದ ಮೇಲೂ ಒಂದು ದಾಖಲೆ ತೆಗೆಯಿರಿ. ರಕ್ತ ನಿಂತಿದ್ದರೂ ಸಂಖ್ಯೆ ಸೊನ್ನೆ ಬರುವುದಿಲ್ಲ, ಕಣಗಳ ಸಣ್ಣ ಚಲನೆ ಉಳಿದಿರುತ್ತದೆ. ಇದು ನಿಮ್ಮ ತಳಮಟ್ಟ. ಇದು ಗೊತ್ತಿಲ್ಲದೆ "ಹರಿವು ಅರ್ಧಕ್ಕೆ ಇಳಿಯಿತು" ಅಂತ ಬರೆಯಲು ಬರುವುದಿಲ್ಲ.

ಹಂತ 9: ನಿಜವಾದ ಅಳತೆ

ಇದೇ ಎಲ್ಲಕ್ಕಿಂತ ಸುಲಭ. 5, 6, 7ನೆಯ ಹಂತಗಳನ್ನು ಪ್ರತಿ ಇಲಿಗೂ ಅದೇ ಕ್ರಮದಲ್ಲಿ, ದಿನದ ಅದೇ ಹೊತ್ತಿನಲ್ಲಿ ಮಾಡಿ. ಹೊತ್ತು ಯಾಕೆ ಅಂದರೆ ಇಲಿಯ ಕಣ್ಣಿನ ಒತ್ತಡ ಹಗಲಿಗಿಂತ ರಾತ್ರಿ ಜಾಸ್ತಿ ಇರುತ್ತದೆ. ಸೋಮವಾರ ಎಲ್ಲ ಕಂಟ್ರೋಲ್, ಮಂಗಳವಾರ ಎಲ್ಲ ಔಷಧಿ ಅಂತ ಮಾಡಬೇಡಿ. ಬೆರೆಸಿ. ಯಾವ ಪಂಜರ ಯಾವ ಗುಂಪಿನದು ಅನ್ನುವುದು ಅಳೆಯುವವರಿಗೆ ಗೊತ್ತಿರದಿದ್ದರೆ ಇನ್ನೂ ಒಳ್ಳೆಯದು.

ಹಂತ 10: ಲೆಕ್ಕ

ಚಿತ್ರವನ್ನು 5×5 ಅಥವಾ 7×7 ಪಿಕ್ಸೆಲ್‌ನ ಕಿಟಕಿಗಳಾಗಿ ನೋಡಿ. ಪ್ರತಿ ಕಿಟಕಿಯಲ್ಲಿ ಬೆಳಕಿನ ಏರುಪೇರನ್ನು ಅಂದರೆ ಸ್ಟ್ಯಾಂಡರ್ಡ್ ಡೀವಿಯೇಶನ್ನನ್ನು ಸರಾಸರಿ ಬೆಳಕಿನಿಂದ ಭಾಗಿಸಿದರೆ ಕಾಂಟ್ರಾಸ್ಟ್ ಸಿಗುತ್ತದೆ. ಚುಕ್ಕೆಗಳು ನಿಚ್ಚಳವಾಗಿದ್ದರೆ ಅದು 1ರ ಕಡೆಗೆ, ಕಲಸಿದ್ದರೆ 0 ಕಡೆಗೆ. ಹರಿವಿನ ಸೂಚಕವಾಗಿ ಸಾಮಾನ್ಯವಾಗಿ ಬಳಸುವುದು 1 ಭಾಗಿಸು ಕಾಂಟ್ರಾಸ್ಟ್‌ನ ವರ್ಗ. ಲೆಕ್ಕಕ್ಕೆ ಮೊದಲು ಲೇಸರ್ ಆರಿಸಿ ತೆಗೆದ ಕಪ್ಪು ಚಿತ್ರವನ್ನು ಕಳೆಯಲು ಮರೆಯಬೇಡಿ.

ನಾಳಗಳ ಮೇಲೆ ಗುರುತು ಹಾಕುವಾಗ ಡಿಸ್ಕ್‌ನಿಂದ ಒಂದೇ ದೂರದಲ್ಲಿ ಹಾಕಿ. ಅಪಧಮನಿ, ಅಭಿಧಮನಿ ಬೇರೆ ಬೇರೆ ಇರಲಿ. ಮುಂದಿನ ವಾರ ಅದೇ ಇಲಿ ಬಂದಾಗ ಅದೇ ಜಾಗ ಹುಡುಕಲು ಮೊದಲ ಚಿತ್ರವನ್ನು ಪ್ರಿಂಟ್ ಹಾಕಿ ಪಕ್ಕದಲ್ಲಿಟ್ಟುಕೊಳ್ಳಿ.

ಎಂಬಿಆರ್ ಅಥವಾ ನಿಮ್ಮ ಸೂಚಕವನ್ನು ಅದೇ ಇಲಿಯ ಮೊದಲ ಅಳತೆಗೆ ಹೋಲಿಸಿ ನೂರಕ್ಕೆ ಎಷ್ಟು ಅಂತ ಬರೆಯುವುದು ಸುರಕ್ಷಿತ. ಒಂದು ಇಲಿಯ 12 ಮತ್ತು ಇನ್ನೊಂದು ಇಲಿಯ 15 ಅನ್ನು ಪಕ್ಕಪಕ್ಕ ಇಟ್ಟು "ಇದರಲ್ಲಿ ಹರಿವು ಜಾಸ್ತಿ" ಅನ್ನಬೇಡಿ. ವರ್ಣಕ, ಮಸೂರದ ತಿಳಿ, ಫೋಕಸ್ ಎಲ್ಲವೂ ಆ ಸಂಖ್ಯೆಯಲ್ಲಿ ಬೆರೆತಿವೆ.

ಕೊನೆಯದಾಗಿ, ಒಂದು ಇಲಿಯ ಎರಡು ಕಣ್ಣು ಎರಡು ಪ್ರಾಣಿ ಅಲ್ಲ. 6 ಇಲಿ ಅಳೆದು 12 ಅಂತ ಬರೆದರೆ ಪರೀಕ್ಷಕರು ಅದನ್ನೇ ಮೊದಲು ಹಿಡಿಯುತ್ತಾರೆ. ಇಲಿಯನ್ನೇ ಎಣಿಸಿ.

ಹಂತ 11: ಇಲಿಯನ್ನು ಎಬ್ಬಿಸುವುದು

ಗ್ಲಾಸ್ ತೆಗೆದು, ಜೆಲ್ ಒರೆಸಿ, ಎರಡೂ ಕಣ್ಣಿಗೆ ಮುಲಾಮು ಹಚ್ಚಿ. ಜೈಲಜೀನ್ ಕೊಟ್ಟಿದ್ದರೆ ಅದರ ಪರಿಣಾಮ ಬಿಡಿಸಲು ಅಟಿಪಮೆಜೋಲ್ ಎಂಬ ಔಷಧಿ ಇದೆ, ಪಶುವೈದ್ಯರನ್ನು ಕೇಳಿ. ಇಲಿಯನ್ನು ಬಿಸಿ ಹಾಸಿನ ಮೇಲೆ, ಬೇರೆ ಪಂಜರದಲ್ಲಿ ಒಂಟಿಯಾಗಿ ಇಡಿ. ಪೂರ್ತಿ ಎಚ್ಚರವಾಗುವ ಮೊದಲು ಸಂಗಾತಿಗಳ ಜೊತೆ ಬಿಟ್ಟರೆ ಅವು ಕಚ್ಚಬಹುದು. ಹೊಟ್ಟಿನ ಹಾಸು ಬೇಡ, ಅರೆಪ್ರಜ್ಞೆಯಲ್ಲಿ ಮೂಗಿಗೆ ಹೋಗುತ್ತದೆ. ಬಟ್ಟೆ ಅಥವಾ ಟಿಶ್ಯೂ ಹಾಸಿ. ಅದು ನಾಲ್ಕು ಕಾಲಿನ ಮೇಲೆ ನಡೆಯುವವರೆಗೆ ನೀವು ಎದ್ದು ಹೋಗಬೇಡಿ.

ಮರುದಿನ ಬೆಳಿಗ್ಗೆ ಟಾರ್ಚ್ ಹಿಡಿದು ಕಾರ್ನಿಯಾ ನೋಡಿ. ಬಿಳಿ ಮಚ್ಚೆ ಇದ್ದರೆ ಆ ಕಣ್ಣಿನ ಮುಂದಿನ ಅಳತೆಗಳನ್ನು ಲೆಕ್ಕಕ್ಕೆ ಸೇರಿಸಬೇಡಿ, ಪಶುವೈದ್ಯರಿಗೆ ಹೇಳಿ. ಪುಸ್ತಕದಲ್ಲಿ ಆ ಇಲಿಯ ಹೆಸರಿನ ಮುಂದೆ ತಾರೀಖು, ಡೋಸ್, ಚುಚ್ಚಿದ ಹೊತ್ತು, ತಾಪ, ರಕ್ತದೊತ್ತಡ, ಕಣ್ಣಿನ ಒತ್ತಡ, ಗ್ಲೂಕೋಸ್ ಎಲ್ಲ ಇದೆಯಾ ಅಂತ ಒಮ್ಮೆ ನೋಡಿಕೊಂಡು, ಮುಂದಿನ ಇಲಿಯನ್ನು ತೂಗಲು ತೆಗೆದುಕೊಳ್ಳಿ.